ನಲವತ್ತೊಂದನೆಯ ಸೆಕೆಂಡಿನ ಆಚೆ

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ದೇವಸ್ಥಾನಕ್ಕೆ ಹೋದರೂ ಹೆಂಡತಿ ವಿಜಯಾ ಒಳಗೆ ಹೋಗುತ್ತಿದ್ದಳು, ನಾನು ಹೊರಗೆ ಚಪ್ಪಲಿ ಕಾಯುತ್ತಿದ್ದೆ. ಈ ಪರದೇಶದಲ್ಲಿ, ಸೌತ್ ಲೇಕ್ ಯೂನಿಯನ್‌ನ ಕಚೇರಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಯಾರಾದರೂ ವಿಚಿತ್ರ ಅನುಭವ ಹೇಳಹೊರಟರೆ ಅಲ್ಲೂ ತಪ್ಪು ಹುಡುಕುತ್ತಿದ್ದೆ. ಈಗ ನನ್ನದೇ ಒಂದನ್ನು ಬರೆಯುತ್ತಿದ್ದೇನೆ. ನೀವೂ ಹುಡುಕಿ, ಸಿಕ್ಕರೆ ತಿಳಿಸಿ.

ಮಗಳು ಶಾಲ್ಮಲಾ ಏಳನೇ ವಯಸ್ಸಿಗೇ ಕಾಲಿಗೆ ಹಿಮದಲ್ಲಿ ಜಾರುವ ಸ್ಕೀ ಕಟ್ಟಿಕೊಂಡವಳು. ಹದಿನೇಳಕ್ಕೆ ಡೌನ್‌ಹಿಲ್ ರೇಸರ್ ಆಗಿದ್ದಳು. ಹಿಮದ ಬೆಟ್ಟದ ನೆತ್ತಿಯಿಂದ ಹೆದ್ದಾರಿಯ ಕಾರಿನ ವೇಗದಲ್ಲಿ ಒಬ್ಬೊಬ್ಬರೇ ಇಳಿಯಬೇಕು. ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಧಾರವಾಡದ ನಮಗಿಬ್ಬರಿಗೂ ಅದುವರೆಗೆ ಹಿಮವೆಂದರೆ ಫ್ರಿಜ್ಜಿನೊಳಗಿನದು. ಆದರೂ ನಾವಿರುವ ಕೆನ್ಮೋರಿನ ಮನೆಯ ಗ್ಯಾರೇಜಿನಲ್ಲಿ, ಚೆನ್ನಾಗಿ ಜಾರಲೆಂದು ಸ್ಕೀಗಳ ತಳಕ್ಕೆ ನಾನೇ ಮೇಣ ಹಚ್ಚುತ್ತಿದ್ದೆ. ಮೊದಲ ಸಲ ಮೇಣ ಕರಗಿಸಿದ್ದು ವಿಜಯಾಳ ಇಸ್ತ್ರಿಪೆಟ್ಟಿಗೆಯಲ್ಲಿ. ಅದರ ಕಲೆ ಇಳಕಲ್ ಸೀರೆಗೆ ಹತ್ತಿ, ಅವಳು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ರೇಸಿಗೆ ಮುನ್ನ ಈ ಆಟಗಾರರು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ತಿರುವಿಗೆ ತಕ್ಕಂತೆ ಆಡಿಸುತ್ತ, ಮನಸ್ಸಿನಲ್ಲೇ ಇಡೀ ಬೆಟ್ಟ ಇಳಿಯುತ್ತಾರೆ. ಸ್ಟಾಪ್‌ವಾಚ್ ಹಿಡಿಯುವ ಕೆಲಸ ನನ್ನದು. ಊಟದ ಮೇಜಿನ ಮುಂದೆ ಅವಳು ತೆಗೆದುಕೊಂಡ ಸಮಯಕ್ಕೂ ಬೆಟ್ಟದಲ್ಲಿ ತೆಗೆದುಕೊಂಡ ಸಮಯಕ್ಕೂ ಒಂದು ಸೆಕೆಂಡಿನ ವ್ಯತ್ಯಾಸವೂ ಇರುತ್ತಿರಲಿಲ್ಲ.

೨೦೧೬ರ ಚಳಿಗಾಲ. ಅವಳು ಎಷ್ಟೋ ಸಲ ಇಳಿದ ಬೆಟ್ಟದಲ್ಲೇ ಆಯ್ಕೆಯ ರೇಸ್ ಇತ್ತು. ಗೆದ್ದರೆ ದೊಡ್ಡ ತಂಡ, ಇಲ್ಲವಾದರೆ ಹತ್ತು ವರ್ಷ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ. ಹಿಂದಿನ ದಿನ ಮಧ್ಯಾಹ್ನ ಎಂದಿನಂತೆ ಕಣ್ಣು ಮುಚ್ಚಿದಳು. ಅರ್ಧ ದಾರಿಯಲ್ಲಿ ಕೈ ನಿಂತಿತು. ನಲವತ್ತೊಂದು ಸೆಕೆಂಡು.

“ಮುಂದೆ ಕಾಣಿಸ್ತಿಲ್ಲ ಅಪ್ಪಾ. ಬರೀ ವೈಟ್.”

ಮತ್ತೆ ಮಾಡಿಸಿದೆ. ನಲವತ್ತೊಂದು. ಮೂರನೇ ಸಲವೂ ಅಷ್ಟೇ. ವಿಜಯಾ ಒಲೆ ಆರಿಸಿ ಬಂದು, ನಾಳೆ ಆಕಿನ್ನ ಕಳಸೂದು ಬ್ಯಾಡ ಅಂದಳು. ಬರೀ ಅಂಜಿಕೆ ಎಂದು ನಾನು ಹಟ ಹಿಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಬೆಟ್ಟದ ಬುಡದಲ್ಲಿ ನಿಂತು, ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿ, ಹೊರಟಳೆಂದು ಸಾರಿದೊಡನೆ ಸ್ಟಾಪ್‌ವಾಚ್ ಒತ್ತಿದೆ. ನಲವತ್ತೊಂದನೇ ಸೆಕೆಂಡಿಗೆ ಬರುವ ತಿರುವು ಕೆಳಗಿನವರಿಗೆ ಕಾಣುವುದಿಲ್ಲ. ಗಡಿಯಾರ ನಲವತ್ತೊಂದು ದಾಟಿತು. ಆಮೇಲೆ ಅವಳು ಕಾಣಿಸಿದಳು, ಬಂದು ಮುಟ್ಟಿದಳು. ಎಲ್ಲರಿಗಿಂತ ಕಡಿಮೆ ಸಮಯದಲ್ಲಿ. ಕೋಚ್ ಓಡಿಬಂದು ತಬ್ಬಿಕೊಂಡ. ಅವಳು ಸಮಯ ತೋರಿಸುವ ಫಲಕದತ್ತ ನೋಡಲೂ ಇಲ್ಲ. ಮನೆಗೆ ಹೊರಟಾಗ ಕಾರಿನಲ್ಲಿ ಹೇಳಿದಳು:

“ಮೇಲಿನ ಅರ್ಧ ನಾನು ಇಳಿದೆ ಅಪ್ಪಾ. ಕೆಳಗಿನದು ನಾನಲ್ಲ. ನಂಗೇನೂ ನೆನಪೇ ಇಲ್ಲ.”

ಡಾಕ್ಟರು ತಲೆ ಪರೀಕ್ಷಿಸಿ ಏನೂ ಆಗಿಲ್ಲ ಅಂದರು. ವಿಡಿಯೊ ತರಿಸಿ ನೋಡಿದೆ. ತಿರುವುಗಳಲ್ಲಿ ಎಡಗೈ ಇಳಿಬಿಡುವುದು ಅವಳ ಹಳೆಯ ಚಟ, ಕೋಚ್ ತಿದ್ದಿ ತಿದ್ದಿ ಸೋತಿದ್ದ. ನಲವತ್ತೊಂದರವರೆಗೆ ಆ ಕೈ ಪ್ರತಿ ತಿರುವಿನಲ್ಲೂ ಇಳಿದಿತ್ತು. ಆಮೇಲೆ ಒಮ್ಮೆಯೂ ಇಳಿಯಲಿಲ್ಲ.

ತಾನು ಗೆಲ್ಲದ್ದನ್ನು ತೆಗೆದುಕೊಳ್ಳುವುದಿಲ್ಲವೆಂದು ಶಾಲ್ಮಲಾ ತಂಡದ ಜಾಗ ಬಿಟ್ಟುಕೊಟ್ಟಳು. ಈಗ ಪಕ್ಕದ ಊರು ವುಡಿನ್‌ವಿಲ್‌ನಲ್ಲಿ ಇದ್ದಾಳೆ. ಮತ್ತೆ ಸ್ಕೀ ಮುಟ್ಟಿಲ್ಲ. ಭಯ, ಆಯಾಸ, ಮರೆವು, ಎಲ್ಲವನ್ನೂ ಹಾಕಿ ನೋಡಿದ್ದೇನೆ. ಆ ಎಡಗೈಯ ಹತ್ತಿರ ಬಂದಾಗ ಯಾವುದೂ ಹೊಂದುವುದಿಲ್ಲ. ನಾನು ಹಟ ಮಾಡಿ ಕಳಿಸಿದ ಮಗಳನ್ನು ಅವತ್ತು ಯಾರೋ ಕೆಳಗೆ ತಂದು ಮುಟ್ಟಿಸಿದರು.

ಈಗ ವಿಜಯಾ ಜೊತೆ ನಾನೂ ದೇವಸ್ಥಾನದ ಒಳಗೆ ಹೋಗುತ್ತೇನೆ. ಕೈ ಮುಗಿಯಬೇಕು ಅನ್ನಿಸುತ್ತದೆ. ಯಾರಿಗೆ ಎಂದು ಮಾತ್ರ ಗೊತ್ತಿಲ್ಲ.