ಸಣ್ಣ ಕೊಳವೆಯ ಟ್ರಾಂಬೋನ್

ಆ ಶನಿವಾರ ಬೆಳಗ್ಗೆ ನಾನು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದೆ. ನಮ್ಮನೆಯವರು ಬೆಂಗಳೂರು ಬಸ್ಸಿಳಿದು ಬಂದರು. ಕೈಯಲ್ಲಿ ಉದ್ದನೆಯ ಕರೀ ಪೆಟ್ಟಿಗೆ. ಅವರ ಹೆಸರು ಉಗ್ರಪ್ಪ. ಬಾಯಿಬಿಟ್ಟು ಎಂದೂ ಹೇಳಿದವಳಲ್ಲ, ಬರೆಯುತ್ತಿದ್ದೇನೆ.

ಹರೆಯದಲ್ಲಿ ಅವರು ಮಿಲಿಟರಿ ಬ್ಯಾಂಡಿನಲ್ಲಿದ್ದರು. ದೊರೆಗಳ ಕುಣಿತಕ್ಕೆ ಜಾಜ್ ಊದುತ್ತಿದ್ದರು. ಸ್ವಾತಂತ್ರ್ಯ ಬಂತು, ದೊರೆಗಳು ಹೋದರು, ಇವರು ಹಿರಿಯೂರಿಗೆ ಬಂದು ಮದುವೆ ಬ್ಯಾಂಡ್ ಸೇರಿದರು. ಇವರು ಊದುವುದು ಟ್ರಾಂಬೋನ್, ಕೊಳವೆ ಹಿಂದೆ ಮುಂದೆ ಎಳೆದು ಊದುವ ಹಿತ್ತಾಳೆ ವಾದ್ಯ. ಅಲ್ಲಿದ್ದದ್ದು ದಪ್ಪ ಕೊಳವೆಯದು. ಬೀದಿಗೆ ಅದು ಸರಿ, ಜಾಜಿಗೆ ಸಣ್ಣ ಕೊಳವೆ ಬೇಕು ಎನ್ನುತ್ತಿದ್ದರು. ವರ್ಷಗಟ್ಟಲೆ ಅದೇ ಜಪ. ಕೊನೆಗೆ ಬೆಂಗಳೂರಿನಲ್ಲಿ ತೀರಿಕೊಂಡ ಮುದುಕರೊಬ್ಬರ ಹಳೇ ವಾದ್ಯ ಸಿಕ್ಕಿತು. ಕುರಿ ಮಾರಿ ಕೊಂಡರು. ಭಾನುವಾರ ಸಂಜೆ ಅಲ್ಲಿನ ಒಂದು ಹೋಟೆಲಿನವರು ಇವರು ಊದುವುದನ್ನು ಕೇಳುವವರಿದ್ದರು. ಒಪ್ಪಿದರೆ ಅಲ್ಲೇ ಕೆಲಸ. ಮೊದಲು ನಮಗೆ ಕೇಳಿಸಬೇಕೆಂದು ಊರಿಗೆ ತಂದಿದ್ದರು.

ಬ್ಯಾಂಡಿನ ಮುರುಗೇಶಪ್ಪ ನೋಡಲು ಬಂದ.

"ಲೇ ಉಗ್ರ, ಇದೇನ್ಲಾ ಒಲೆ ಊದೋ ಕೊಳವೆ ತಂದೀಯ? ಇದುನ್ನ ಊದಿದ್ರೆ ಮದುಮಗನ ಕುದ್ರೆ ನಿದ್ದೆ ಮಾಡ್ತೈತೆ."

"ಮಾಡ್ಲಿ ಬಿಡಪ್ಪ. ಅದ್ಕೂ ಸಾಕಾಗೈತೆ ನಿನ್ನ ಡ್ರಮ್ಮು."

ಆಮೇಲೆ ಊದಿದರು. ಆ ಸ್ವರ ನಮ್ಮ ಪೈಕಿ ಯಾರೋ ಒಳಮನೆಯಿಂದ ಕರೆದ ಹಾಗಿತ್ತು. ಮುರುಗೇಶಪ್ಪ ತಮಾಷೆ ಬಿಟ್ಟು ಕುಂತ.

ಉಂಡು ಅವರು ಮಲಗಿದರು. ನಾನು ನೀರಿಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಕಾಳಕ್ಕ ಕೊಳವೆಗಳನ್ನು ಬಿಚ್ಚಿ, ಹುಣಸೆಹಣ್ಣು ಇಟ್ಟಿಗೆಪುಡಿ ಹಾಕಿ ಉಜ್ಜಿ, ಬಿಸಿಲಿಗೆ ಇಟ್ಟಿದ್ದರು.

"ಸತ್ತೋರ ಎಂಜಲು ಕಣವ್ವ. ನನ್ ಮಗ ಬಾಯಿಗಿಟ್ಕಂತಾನೆ," ಎಂದರು.

ಕೊಳವೆ ಚಿನ್ನದ ಹಾಗೆ ಹೊಳೆಯುತ್ತಿತ್ತು. ಆದರೆ ಒಂದರೊಳಗೆ ಒಂದು ಜಾರಬೇಕಾದ ವಾದ್ಯ ಅದು. ಒಳಗಿನ ಕೊಳವೆ ಗೀಚಿಹೋಗಿತ್ತು. ಇವರು ಎದ್ದು ಎಳೆದು ನೋಡಿದರು. ಕರಕರ ಎಂದು ಅರ್ಧಕ್ಕೇ ನಿಂತಿತು.

"ಕೆಟ್ಟೋತೇನಪ್ಪ?" ಎಂದರು ಅತ್ತೆ.

"ಇಲ್ ಬಿಡವ್ವ. ಬೆಂಗಳೂರಾಗೆ ಸರಿ ಮಾಡೋರು ಅವ್ರೆ. ನಾಳೆ ಮಧ್ಯಾಹ್ನದ ಬಸ್ಸಿನ ಬದ್ಲು ಮುಂಜಾನೇದಕ್ಕೆ ಹೋದ್ರಾತು."

ಒಂದು ಮಾತೂ ಬಯ್ಯಲಿಲ್ಲ.

ಭಾನುವಾರ ಮುಂಜಾನೆಯ ಬಸ್ಸು ಸಿರಾಕ್ಕಿಂತ ಮುಂಚೆ ಸೇತುವೆಯಿಂದ ಹಳ್ಳಕ್ಕೆ ಬಿತ್ತು. ಅವರನ್ನು ಲಾರಿಯಲ್ಲಿ ತಂದರು. ವಾದ್ಯ ಸಿಗಲಿಲ್ಲ. ಮಧ್ಯಾಹ್ನದ ಬಸ್ಸು ಸುಖವಾಗಿ ಹೋಗಿ ಮುಟ್ಟಿತಂತೆ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನ್ನ ಮುಂದೆ ಕುಂತರು.

"ನಾನು ಉಜ್ಜದಿದ್ರೆ ಅವ್ನು ಆ ಬಸ್ ಹತ್ತುತ್ತಿರ್ಲಿಲ್ಲ, ಅಲ್ವೇನೇ?"

ನನಗೂ ಹಾಗೇ ಅನ್ನಿಸಿತ್ತು. ಅದನ್ನು ಎದೆಯಲ್ಲೇ ಇಟ್ಟುಕೊಂಡೆ.

"ಇಲ್ಲ ಕಣತ್ತೆ. ಮುಂಜಾನೆ ಬಸ್ಸಿಗೇ ಹೋಗ್ತೀನಿ ಅಂತ ಮೊದ್ಲೇ ನನ್ನತ್ರ ಹೇಳಿದ್ರು."

ಅವರು ನಂಬಲಿಲ್ಲ. ಮತ್ತೆ ಕೇಳಲೂ ಇಲ್ಲ.

ಈಗ ಅತ್ತೆಗೆ ಕಣ್ಣು ಕಾಣುವುದಿಲ್ಲ. ಕಿವಿ ಚೆನ್ನಾಗಿದೆ. ಮನೆಯಲ್ಲಿ ಪಾತ್ರೆ ಉಜ್ಜುವ ಸದ್ದಾದರೆ ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗುತ್ತಾರೆ. ಅದಕ್ಕೇ ದಿನಾ ಬೆಳಗ್ಗೆ ಪಾತ್ರೆಗಳನ್ನು ಬುಟ್ಟಿಗೆ ತುಂಬಿ, ನಡುವೆ ಬಟ್ಟೆ ತುರುಕಿ, ತಲೆ ಮೇಲೆ ಹೊತ್ತು ಹೊಳೆಗೆ ಹೋಗುತ್ತೇನೆ. ಅಲ್ಲಿ ಉಜ್ಜಿ ತರುತ್ತೇನೆ.