ಮಾಸ್ಟರ್‌ಗೆ ತುಂಬಿಕೊಟ್ಟ ಗುಂಡು

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಟೈಲರ್ ಸಾಮಾನಿನ ಅಂಗಡಿಯೊಂದಿದೆ. ಹೋದ ವಾರ ಬ್ಲೌಸಿಗೆ ಹುಕ್ಕು ತರಲು ಹೋದಾಗ ಕೋಟಿನ ಭುಜಕ್ಕಿಡುವ ಸ್ಪಂಜಿನ ಪ್ಯಾಡುಗಳು ಕಣ್ಣಿಗೆ ಬಿದ್ದವು. ಒಂದನ್ನು ಎತ್ತಿ ಅದುಮಿ ನೋಡಿದೆ. ಎಷ್ಟು ಜೊತೆ ಬೇಕೆಂದು ಅಂಗಡಿಯವರು ಎರಡು ಸಲ ಕೇಳಿದರಂತೆ, ನನಗೆ ಕೇಳಿಸಲೇ ಇಲ್ಲ. ಬಲಭುಜದೊಳಗೆ ಎಲ್ಲೋ ಹಳೆಯ ನೋವೊಂದು ಎದ್ದು ಕೂತಿತ್ತು...

ಅಂಥ ಪ್ಯಾಡುಗಳನ್ನು ಟವೆಲ್ಲಿನ ಮಡಿಕೆಯೊಳಗಿಟ್ಟು ಹೊಲಿದು ಹೊಸಬರ ಭುಜಕ್ಕೆ ಕಟ್ಟುತ್ತಿದ್ದವರು ನಮ್ಮ ರೈಫಲ್ ರೇಂಜಿನ ಮಾಸ್ಟರ್. ಹಲಸೂರಿನವರು, ಫೌಜಿನಿಂದ ನಿವೃತ್ತರಾದವರು. ಮನೆಯಲ್ಲಿ ತಮಿಳು, ರೇಂಜಿನಲ್ಲಿ ಕನ್ನಡ, ಸಿಟ್ಟು ಬಂದರೆ ಹಿಂದಿ. ನಾನು ಅವರ ಬಳಿ ಹೋಗಿದ್ದು ಶೋಕಿಗಲ್ಲ. ಕೆ.ಆರ್. ಪುರದ ಆಚೆ ನಮ್ಮದು ರಾಗಿ ಬೆಳೆಯುತ್ತಿದ್ದ ಮನೆತನ. ಹಂದಿ ಓಡಿಸಲೆಂದು ತಾತ ಲೈಸೆನ್ಸ್ ಮಾಡಿಸಿದ್ದ ರೈಫಲ್ಲು ಅಪ್ಪನ ನಂತರ ನನ್ನ ಹೆಸರಿಗೆ ಬಂತು. ಅಷ್ಟು ಹೊತ್ತಿಗೆ ಹೊಲ ಲೇಔಟಾಗಿತ್ತು, ಹಂದಿಗಳ ಸುಳಿವಿರಲಿಲ್ಲ. ಪ್ರತಿ ಚುನಾವಣೆಗೂ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಮತ್ತೆ ಬಿಡಿಸಿ ತರುವುದೊಂದೇ ಕೆಲಸ. ಇಟ್ಟುಕೊಂಡ ಮೇಲೆ ಹೊಡೆಯುವುದನ್ನಾದರೂ ಕಲಿಯೋಣ ಎಂದು ಹೋದೆ.

ಮೊದಲ ದಿನ ಗುಂಡು ಹಾರುವಾಗ ರೈಫಲ್ಲು ಹಿಂದಕ್ಕೆ ಒದ್ದ ಒದೆಗೆ ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮಾಸ್ಟರ್ ಬೈಯಲಿಲ್ಲ. ಹಿಡಿಯ ತುದಿಯನ್ನು ಮೂಳೆಯ ಮೇಲಿಂದ ಸರಿಸಿ ಭುಜದ ಒಳಗಿನ ಮೆತ್ತನೆಯ ಹಳ್ಳದಲ್ಲಿ ಕೂರಿಸಿದರು. ಕೆನ್ನೆಯನ್ನು ಹಿಡಿಯ ಮರಕ್ಕೆ ಒತ್ತಿಸಿದರು. ಕಿವಿಗೆ ಹತ್ತಿ, ಅದರ ಮೇಲೆ ಸದ್ದು ತಡೆಯುವ ಮಫ್. ಒದೆಗಿಂತ ಸದ್ದೇ ಹೆಚ್ಚು ಹೆದರಿಸುತ್ತದೆ ಎನ್ನುತ್ತಿದ್ದರು. ಪಕ್ಕದವರು ದೊಡ್ಡ ರೈಫಲ್ ಹಿಡಿದಿದ್ದರೆ ಅವರು ಮುಗಿಸುವವರೆಗೆ ಸುಮ್ಮನೆ ಕಾಯಬೇಕು. ಹತ್ತು ಗುಂಡಾದರೆ ಆ ದಿನಕ್ಕೆ ಸಾಕು.

"ತಡ್ಯೋಕೆ ಹೋಗ್ಬೇಡಮ್ಮ," ಎಂದಿದ್ದರು. "ತಡೆದಷ್ಟೂ ಜಾಸ್ತಿ ಹೊಡೆಯುತ್ತೆ. ಅದು ಬರ್ಲಿ, ನೀನೂ ಅದ್ರ ಜೊತೆ ಸ್ವಲ್ಪ ಹೋಗು."

ಅವರದೊಂದು ಪದ್ಧತಿ ಇತ್ತು. ಅವರ ಸಾಲಿನಲ್ಲಿ ಯಾರೂ ತಮ್ಮ ಗುಂಡನ್ನು ತಾವೇ ತುಂಬಿಕೊಳ್ಳುವ ಹಾಗಿರಲಿಲ್ಲ. ಜೊತೆಯವರು ತುಂಬಬೇಕು, ಹೊಡೆಯುವವರು ಮುಖ ಆಚೆ ತಿರುಗಿಸಿರಬೇಕು. ನಡುನಡುವೆ ಮದ್ದಿಲ್ಲದ ಡಮ್ಮಿಯನ್ನೂ ತುಂಬುತ್ತಿದ್ದೆವು. ಒದೆಗೆ ಹೆದರುವವರ ಕೈ, ಡಮ್ಮಿ ಇದ್ದರೂ ಟ್ರಿಗರ್ ಎಳೆಯುವಾಗ ಬೆಚ್ಚಿ ನಳಿಗೆಯನ್ನು ಕೆಳಕ್ಕೆ ಜಗ್ಗುತ್ತದೆ. ಗುಂಡು ಹಾರಿದಾಗ ಕಾಣದ ಭಯ ಹಾರದಿದ್ದಾಗ ಎಲ್ಲರಿಗೂ ಕಂಡುಬಿಡುತ್ತದೆ. ನನ್ನ ನಳಿಗೆ ತಿಂಗಳುಗಟ್ಟಲೆ ಮುಗ್ಗರಿಸಿತು. ಮಾಸ್ಟರದು ಒಂದು ಸಲವೂ ಅಲ್ಲಾಡಿದ್ದನ್ನು ನಾನು ಕಾಣೆ.

ಮೂರನೇ ವರ್ಷ ಅಮ್ಮನ ಪೊರೆ ಆಪರೇಷನ್ನಿಗೆಂದು ಕಣ್ಣಾಸ್ಪತ್ರೆಗೆ ಹೋಗಿದ್ದೆ. ಮೂಲೆಯ ಬೆಂಚಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಾಸ್ಟರ್ ಕೂತಿದ್ದರು. ನಾನು ಮಾತಾಡಿಸಿದಾಗ, ಸಿಕ್ಕಿಬಿದ್ದವರ ಹಾಗೆ ಕನ್ನಡಕ ಸರಿಮಾಡಿಕೊಂಡರು. ಎಡಗಣ್ಣು ಮೊದಲಿನಿಂದಲೂ ಮಂಜಂತೆ. ಈಗ ಬಲಗಣ್ಣಿನ ಹಿಂದಿನ ಪರದೆ ಹರಿದು ಲೇಸರ್ ಹಾಕಿದ್ದಾರಂತೆ. ಇನ್ನು ಜನ್ಮದಲ್ಲಿ ದೊಡ್ಡ ರೈಫಲ್ ಮುಟ್ಟಬಾರದು, ಕಣ್ಣು ಹೋಗಲು ಒಂದೇ ಒಂದು ಒದೆ ಸಾಕು ಎಂದು ಡಾಕ್ಟರು ಹೇಳಿದ್ದಾರಂತೆ. ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು.

"ರೇಂಜಲ್ಲಿ ಯಾರ್ಗೂ ಹೇಳ್ಬೇಡಮ್ಮ. ಹೊಡೆಯೋಕಾಗ್ದಿರೋ ಮಾಸ್ಟರ್ನ ಯಾರು ಇಟ್ಕೋತಾರೆ?"

ಹೇಳುವುದಿಲ್ಲ ಎಂದೆ. ಆ ಗುಟ್ಟು ನನಗೊಬ್ಬಳಿಗೇ ಗೊತ್ತು ಎಂಬ ಒಣ ಹೆಮ್ಮೆ ಬೇರೆ. ಅಲ್ಲಿಂದ ಮುಂದೆ ರೇಂಜಿಗೆ ಹೋಗುವ ಭಾನುವಾರಗಳೆಂದರೆ ನನಗೆ ಭಯ. ಯಾರಾದರೂ ಒಮ್ಮೆ ಹೊಡೆದು ತೋರಿಸಿ ಎಂದು ಕೇಳಿದರೆ ಮಾಸ್ಟರ್ ಬೆನ್ನುನೋವು ಎನ್ನುತ್ತಿದ್ದರು. ಮಾತಿನ ನಡುವೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ತೆಗೆದು, ಮುಚ್ಚಿ ತೆಗೆದು ನೋಡುತ್ತಿದ್ದರು. ಮಿಕ್ಕವರಿಗೆ ಅದು ಕಣ್ಣಿನ ಧೂಳು. ನನಗೆ ಮಾತ್ರ ಏನನ್ನು ಪರೀಕ್ಷಿಸುತ್ತಿದ್ದಾರೆಂದು ಗೊತ್ತಿತ್ತು.

ಆಯುಧಪೂಜೆ ಹತ್ತಿರ ಬಂತು. ನಮ್ಮ ರೇಂಜಿನಲ್ಲಿ ಬಂದೂಕುಗಳಿಗೆ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಪೂಜೆಯ ಮೊದಲ ಗುಂಡನ್ನು ಮಾಸ್ಟರೇ ಹೊಡೆಯಬೇಕು. ಅದೂ ಮಲಗಿ, ದೊಡ್ಡ ರೈಫಲ್ಲಿನಲ್ಲಿ. ಮಲಗಿ ಹೊಡೆದರೆ ಮೈಗೆ ಹಿಂದೆ ಸರಿಯಲು ಜಾಗವಿರುವುದಿಲ್ಲ, ಒದೆಯೆಲ್ಲ ಭುಜಕ್ಕೂ ತಲೆಗೂ ಬೀಳುತ್ತದೆ. ಆ ದಿನ ಮಾಸ್ಟರ್ ಜ್ವರವೆಂದು ಮನೆಯಲ್ಲೇ ಉಳಿಯುತ್ತಾರೆಂದು ನಂಬಿದ್ದೆ. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಎಲ್ಲರಿಗಿಂತ ಮೊದಲೇ ಬಂದಿದ್ದರು.

ಪೂಜೆಯಾಯಿತು. ಚಾಪೆ ಹಾಸಿದರು. ಮಾಸ್ಟರ್ ನಿಧಾನವಾಗಿ ಮಲಗಿ ಮಫ್ ಏರಿಸಿಕೊಳ್ಳುವ ಮುಂಚೆ, ಗುಂಡು ನೀನೇ ತುಂಬು ಎಂದು ನನ್ನನ್ನು ಕರೆದು ಪದ್ಧತಿಯಂತೆ ಮುಖ ಆಚೆ ತಿರುಗಿಸಿದರು. ಹಿಂದಿನ ವಾರದ ಅಭ್ಯಾಸದ ಡಮ್ಮಿ ನನ್ನ ಜೇಬಿನಲ್ಲೇ ಇತ್ತು. ಅದನ್ನೂ ನಿಜವಾದ ಗುಂಡನ್ನೂ ಒಂದೇ ಅಂಗೈಯಲ್ಲಿ ಹಿಡಿದೆ. ಬೆವರಿಗೆ ಎರಡೂ ಜಾರುತ್ತಿದ್ದವು. ಡಮ್ಮಿ ತುಂಬಿದರೆ ಕಣ್ಣು ಉಳಿಯುತ್ತದೆ. ಆದರೆ ಪೂಜೆಯ ಮೊದಲ ಗುಂಡೇ ಹಾರದಿದ್ದರೆ? ಮೇಲಾಗಿ, ಈಗ ಒದೆಗೆ ಹೆದರಿರುವ ಅವರ ನಳಿಗೆ ಇಷ್ಟು ಜನರೆದುರು ಮುಗ್ಗರಿಸಿಬಿಟ್ಟರೆ? ಮಾಸ್ಟರ್ ಮರ್ಯಾದೆ ನನ್ನ ಕೈಯಲ್ಲಿದೆ ಅನ್ನಿಸಿತು. ನಿಜವಾದ ಗುಂಡನ್ನೇ ತುಂಬಿದೆ.

ನಳಿಗೆ ಕೂದಲೆಳೆಯಷ್ಟೂ ಕದಲಲಿಲ್ಲ. ಗುಂಡು ಕಪ್ಪು ವೃತ್ತದ ನಡುವೆಯೇ ಹೊಕ್ಕಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ಟರ್ ಮಾತ್ರ ಏಳಲಿಲ್ಲ. ಕೆನ್ನೆಯನ್ನು ಮರಕ್ಕೊತ್ತಿಕೊಂಡೇ ಬಹಳ ಹೊತ್ತು ಮಲಗಿದ್ದರು. ಆಮೇಲೆ ಎದ್ದು, ಪ್ರಸಾದದ ಮಂಡಕ್ಕಿ ಹಂಚುವವರ ಕೈಯನ್ನು ಹುಡುಕುವ ಹಾಗೆ ಗಾಳಿಯಲ್ಲಿ ಕೈ ಚಾಚಿದರು...

ಪಕ್ಕದಿಂದ ಕಪ್ಪು ಪರದೆ ಇಳಿಯುತ್ತಿದೆ ಎಂಬುದನ್ನು ಅವರು ಎರಡು ದಿನ ಯಾರಿಗೂ ಹೇಳಲಿಲ್ಲವಂತೆ. ಆಪರೇಷನ್ ಆಯಿತು, ಫಲಿಸಲಿಲ್ಲ. ಹಲಸೂರಿನ ಆ ಎರಡು ಕೋಣೆಯ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಅವರ ಹೆಂಡತಿ ಕಾಫಿ ಕೊಟ್ಟು, ನೀನೊಬ್ಬಳಾದರೂ ಬರ್ತೀಯಲ್ಲ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಆಕೆ ಒಳಗೆ ಹೋದ ಮೇಲೆ ಮಾಸ್ಟರ್ ನನ್ನ ಕಡೆ ತಿರುಗಿದರು.

"ಅವತ್ತು ನಿನ್ ಕೈಯಲ್ಲಿ ಎರಡು ಗುಂಡು ತಾಕಿದ್ದು ನಂಗ್ ಕೇಳ್ಸಿತ್ತಮ್ಮ," ಎಂದರು. "ಇವ್ಳು ಡಮ್ಮಿನೇ ಹಾಕ್ತಾಳೆ ಅಂದ್ಕೊಂಡೆ. ಅದ್ಕೇ ಅಷ್ಟ್ ನಿಶ್ಚಿಂತೆಯಾಗಿ ಎಳೆದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾಸ್ಟರ್ ಹೋಗಿ ಈಗ ಎರಡು ವರ್ಷ. ರೇಂಜಿಗೆ ನಾನು ಈಗಲೂ ಹೋಗುತ್ತೇನೆ. ಹೊಸಬರು ಭುಜ ಹಿಡಿದುಕೊಂಡು ನರಳಿದರೆ ಹಿಡಿಯನ್ನು ಎಲ್ಲಿ ಕೂರಿಸಬೇಕು, ಕೆನ್ನೆಯನ್ನು ಹೇಗೆ ಒತ್ತಬೇಕು, ಎಲ್ಲವನ್ನೂ ಹೇಳಿಕೊಡುತ್ತೇನೆ. ಅವರ ಗುಂಡನ್ನು ಮಾತ್ರ ಅವರೇ ತುಂಬಿಕೊಳ್ಳಲಿ ಎಂದು ಎದ್ದು ದೂರ ಹೋಗಿ ನಿಲ್ಲುತ್ತೇನೆ.