ಹನಿಯಕ್ಕನ ಐದನೇ ಅರ್ಜಿ

ಬೆಳಗಿನ ಆರು ಗಂಟೆ. ಸಂಶೋಧನಾಲಯದ ಮೂರನೇ ಮಹಡಿಯಲ್ಲಿ ಜೀವಕೋಶ ಬೆಳೆಸುವ ಕೋಣೆ. ಮೊಣಕೈವರೆಗೆ ಸ್ಪಿರಿಟ್ ಹಚ್ಚಿಕೊಂಡ ಹನಿಯಕ್ಕ ಗಾಜಿನ ಪರದೆಯ ಕೆಳಗೆ ಕೈಯಿಟ್ಟು, ಅಂಗೈಯಗಲದ ತಟ್ಟೆಗಳಿಗೆ ಗುಲಾಬಿ ಬಣ್ಣದ ಆಹಾರದ್ರವ ಉಣಿಸುತ್ತಿದ್ದಾರೆ. ದಿನಕ್ಕೆ ನೂರರವತ್ತು ತಟ್ಟೆ. ಭೂಕಂಪವಾದರೆ ಕಟ್ಟಡ ಅಲ್ಲಾಡೀತು, ದ್ರವ ಹೀರಿ ಹನಿಯಳೆದು ಬಿಡುವ, ಇವರ ಕೈಯಲ್ಲಿರುವ ಪಿಪೆಟ್ ಅಲ್ಲಾಡದು. ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಭೂಕಂಪವೊಂದು ಆಗಲಿಲ್ಲ, ಅಷ್ಟೇ.

ಇಪ್ಪತ್ತೆರಡು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಸೇರಿದವರು. ಗಂಡ ತೀರಿಕೊಂಡಿದ್ದರು, ಮಗಳಿಗೆ ಆಗ ನಾಲ್ಕು ವರ್ಷ, ಕಾಲೇಜಿನ ಮಾತೇ ಇರಲಿಲ್ಲ. ತೊಳೆಯುತ್ತಾ ನೋಡಿದರು, ನೋಡುತ್ತಾ ಕಲಿತರು. ಈಗ ಡಾಕ್ಟರೇಟಿಗೆ ಬರುವ ಹೊಸಬರಿಗೆಲ್ಲ ಕೈಪಳಗಿಸುವವರು ಇವರೇ. ಇದುವರೆಗೆ ಇನ್ನೂರ ಹದಿಮೂರು ಮಂದಿ. ಲೋಕದ ಅರ್ಧ ವಿಜ್ಞಾನಿಗಳು ಅಕ್ಕನ ಬೈಗುಳ ತಿಂದು ಉದ್ಧಾರವಾದವರು. ಉಳಿದರ್ಧ ತಿನ್ನದೆ ಕೆಟ್ಟವರು.

ಮೊದಲ ವಾರ ಬರೀ ನೀರು. ಒಂದೊಂದೇ ಹನಿಯನ್ನು ತಕ್ಕಡಿಗೆ ಬಿಡಬೇಕು. ನೂರು ಹನಿಯೂ ಒಂದೇ ತೂಕ ತೂಗುವವರೆಗೆ ಜೀವಕೋಶದ ಮುಖ ನೋಡುವಂತಿಲ್ಲ. ಅಡ್ಡಹೆಸರು ಬಂದದ್ದು ಹಾಗೆ. ಒಮ್ಮೆ ಚಿನ್ನದ ಪದಕದ ಹುಡುಗಿಯೊಬ್ಬಳು ದ್ರವ ಹೀರಿದ ಪಿಪೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಫೋನ್ ಎತ್ತಿಕೊಂಡಳಂತೆ. ದ್ರವವೆಲ್ಲ ಹಿಡಿಯೊಳಕ್ಕೆ ನುಗ್ಗಿತು. ಅಕ್ಕ ದನಿ ಏರಿಸಲಿಲ್ಲ. "ಹಾಲು ಕುಡಿದ ಮಗೂನ ತಕ್ಷಣ ಮಲಗಿಸ್ತಾರೇನಮ್ಮ? ಕಕ್ಕುತ್ತೆ. ಇದೂ ಹಾಗೇ."

ಈಗ ಹೊಸ ಯಂತ್ರ ಬಂದಿದೆ. ಜೀವಕೋಶಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಗುರುತಿಸಿ ಬೇರ್ಪಡಿಸುತ್ತದೆ. ಅದಕ್ಕೆ ಎರಡು ವಾರದ ತರಬೇತಿ. ಮುಂದಿನ ವರ್ಷದ ಹೊಸಬರು ಕಲಿಯಬೇಕಾದದ್ದೇ ಆ ಯಂತ್ರ; ಅದು ಗೊತ್ತಿಲ್ಲದಿದ್ದರೆ ಅಕ್ಕ ಮತ್ತೆ ಸಾಮಾನು ತೊಳೆಯುವ ತೊಟ್ಟಿಯ ಮುಂದೆಯೇ. ಅರ್ಜಿ ಹಾಕಿದರು. ಪದವಿಯ ಅಂಕಣ ಖಾಲಿ ಇದೆಯೆಂದು ವಾಪಸ್ ಬಂತು. ಹೀಗೆ ನಾಲ್ಕು ಸಲ. ಆಯ್ಕೆ ಸಮಿತಿಯ ಏಳು ಮಂದಿಯಲ್ಲಿ ಐವರು ಇವರ ಮುಂದೆಯೇ ನೀರು ತೂಗಿದವರು. ನಿಯಮ ಅಕ್ಕಾ, ಏನು ಮಾಡೋಣ ಎಂದು ನೆಲ ನೋಡಿದರಂತೆ.

ಬೇಜಾರಾಗಲಿಲ್ಲವೇ ಎಂದು ಕೇಳಿದರೆ ನನ್ನನ್ನೇ ದಬಾಯಿಸುತ್ತಾರೆ. "ನಾಲ್ಕು ಹನಿ ತಪ್ಪಿತು ಅಂತ ಐದನೇದು ಬಿಡೋದೇ ಬೇಡ್ವಾ?"

ಐದನೇ ಅರ್ಜಿಯಲ್ಲಿ ಪದವಿಯ ಅಂಕಣ ಖಾಲಿ ಬಿಡಲಿಲ್ಲ. "ಪಟ್ಟಿ ಲಗತ್ತಿಸಿದೆ" ಎಂದು ಬರೆದು, ತಾವು ಕಲಿಸಿದ ಅಷ್ಟೂ ಜನರ ಹೆಸರು ಜೋಡಿಸಿದರು. ಸಮಿತಿಯ ಐವರ ಹೆಸರೂ ಅದರಲ್ಲಿತ್ತು, ಯಾರು ಎಷ್ಟು ದಿನ ನೀರು ತೂಗಿದರು ಎಂಬ ವಿವರದ ಸಮೇತ.

ಕಳೆದ ಶುಕ್ರವಾರ ಉತ್ತರ ಬಂದಿದೆ. ಪ್ರವೇಶ ಉಂಟು, ವೀಕ್ಷಕಿಯಾಗಿ ಮಾತ್ರ. ಹಿಂದಿನ ಸಾಲು, ಪ್ರಮಾಣಪತ್ರವಿಲ್ಲ, ಯಂತ್ರ ಮುಟ್ಟುವಂತಿಲ್ಲ. ನರ್ಸಾಗಿರುವ ಮಗಳಿಗೆ ಮೈಯೆಲ್ಲ ಉರಿ. ಹೋಗಬೇಡಮ್ಮ, ಇದಕ್ಕಿಂತ ಅವಮಾನ ಬೇಕಾ ಎಂದು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.

ಅಕ್ಕ ಹೊಸ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದಾರೆ.

"ಮುಟ್ಟಬೇಡ ಅಂದಿದ್ದಾರೆ, ಪ್ರಶ್ನೆ ಕೇಳಬೇಡ ಅಂದಿಲ್ವಲ್ಲ. ಕೇಳ್ತೀನಿ. ಉತ್ತರ ಹೇಳಿ ಹೇಳಿ ಸುಸ್ತಾಗಿ, ಮೂರನೇ ದಿನಕ್ಕೆ ಅವರೇ ಅಂತಾರೆ, 'ಅಕ್ಕಾ, ನೀವೇ ಮುಟ್ಟಿ ನೋಡ್ಕೊಳ್ಳಿ'."